ಕೊಂಬು, ಗುಡಿಸು

ಭಾನುವಾರ ಎರಡರಿಂದ ನಾಲ್ಕು.
ಲಿಂಗರಾಜಪುರದ ಮೇಲ್ಸೇತುವೆ ಇಳಿದರೆ ಬೇಕರಿ,
ಅದರ ನೆತ್ತಿಯ ಮೇಲೆ ನಮ್ಮ ತರಗತಿ.
ಬನ್ನಿನ ವಾಸನೆಯೂ ಡೆಟಾಲಿನ ವಾಸನೆಯೂ
ಮೆಟ್ಟಿಲ ಮೇಲೇ ಜಗಳಕ್ಕೆ ನಿಂತಿರುತ್ತವೆ.

ಒಂದು ಕಬ್ಬಿಣದ ಮಂಚ, ಒಂದು ಗಾಲಿಕುರ್ಚಿ,
ಎಡಗೈ ಕಳಚಿದ ರಬ್ಬರ್ ಬೊಂಬೆ.
ಹುಡುಗಿಯರು ಅದಕ್ಕೆ ರಾಜಣ್ಣ ಅಂತ ಹೆಸರಿಟ್ಟಿದ್ದಾರೆ.
ಹೋದ ವಾರ ರಾಜಣ್ಣನಿಗೆ ಲಕ್ವ, ಈ ವಾರ ಮರೆವು.
ಕಾಯಿಲೆ ಹಂಚುವವಳು ನಾನು.

ಬೆನ್ನು ಬಗ್ಗಿಸಬೇಡ, ಮಂಡಿ ಮಡಿಸು,
ಭಾರ ತೊಡೆಗೆ ಕೊಡು.
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು,
ಹಿಮ್ಮಡಿ ನೋಡು, ಸೊಂಟದ ಕೆಳಗೆ ನೋಡು,
ಕೆಂಪಾಗಿದ್ದರೆ ಬರೆದಿಡು.
ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಸವೆದ ಮಾತು,
ಬಾಯಿಗೆ ತಾನೇ ಬರುತ್ತದೆ.

ಗುಮ್ಲಾದ ಸುಖಮನಿ ತಿಗ್ಗಾ
ಒಂದು ಮಧ್ಯಾಹ್ನ ಕಣ್ಣು ಊದಿಸಿಕೊಂಡು ಬಂದಳು.
ಜಯನಗರದ ಮನೆ, ಅಜ್ಜನಿಗೆ ಎಂಬತ್ತಾರು.
‘ಏಳು, ತಿನ್ನು, ಬಾಯಿ ಒರೆಸು’ ಅಂದಳಂತೆ.
ಸೊಸೆ ಕೂಗಾಡಿದಳಂತೆ:
ದೊಡ್ಡವರಿಗೆ ಏಕವಚನವಾ? ಮರ್ಯಾದೆ ಕಲಿಸಿಲ್ಲವಾ ನಿನಗೆ?

‘ಅವರು ನನಗೆ ಹೇಳಿದ ಕನ್ನಡಾನೇ ಮೇಡಂ,
ಬೇರೆ ಕನ್ನಡ ನನಗೆ ಯಾರು ಕೊಟ್ಟಿದ್ದಾರೆ?’

ಕೆಳಗೆ ಬೇಕರಿಯವನು ಟ್ರೇ ಎಳೆದ ಸದ್ದು.
ಬಾ. ಹೋಗು. ಎತ್ತು. ಲೈಟು ಆರಿಸು.
ನಾಲ್ಕು ವರ್ಷ, ಐದು ಮನೆ,
ಅಡುಗೆಮನೆಯ ನೆಲದ ಮೇಲೆ ಹಾಸಿದ ಚಾಪೆ,
ಅಲ್ಲಿ ಕೂಡಿಟ್ಟುಕೊಂಡ ಮಾತಿಷ್ಟು.
ಆಮೇಲೆ ಹೊಳೆಯಿತು:
ಮಂಡಿ ಮಡಿಸು. ಮಗ್ಗುಲು ಬದಲಿಸು. ಬರೆದಿಡು.
ನಾನೂ.

ಅವತ್ತು ರಾಜಣ್ಣನಿಗೆ ಹೊದಿಕೆ ಹೊದಿಸಿ ಮಲಗಿಸಿ
ಹಲಗೆಯ ಮೇಲೆ ಬರೆದೆ: ಏಳು, ಏಳಿ. ತಿನ್ನು, ತಿನ್ನಿ.
ಕೊಂಬು ತೆಗೀರಿ, ಗುಡಿಸು ಹಾಕಿ, ಅಷ್ಟೇ.
‘ಗುಡಿಸು ಅಂದ್ರೆ ಕಸ ಅಲ್ವಾ?’ ಕಂಧಮಾಲ್‌ನ ಬಸಂತಿ.
ಇಡೀ ಕೋಣೆ ನಕ್ಕಿತು.
ನಗುತ್ತಲೇ ಸುಖಮನಿ ಅಂದಳು:
‘ಕೊಂಬು ಅವರ ತಲೆ ಮೇಲೆ,
ಗುಡಿಸು ನಮ್ಮ ಕೈಯಲ್ಲಿ.’
ಆಗಲೇ ಗೊತ್ತಾಯಿತು ನನಗೆ
ಏಜೆನ್ಸಿಗೆ ಯಾರು ಹೋಗಬೇಕು ಅಂತ.

ಮೂರು ವಾರ ತಾಲೀಮು.
ಗಾಲಿಕುರ್ಚಿಯಲ್ಲಿ ನಾನು ಮ್ಯಾನೇಜರು,
ಫೋನು ನೋಡುತ್ತಾ ‘ಹೂಂ, ಹೂಂ’ ಅನ್ನುವವಳು.
ಅವಳು ಹತ್ತೊಂಬತ್ತು ಜನರ ಪರ ನಿಂತವಳು:
ಇಪ್ಪತ್ತನಾಲ್ಕು ಗಂಟೆ ಡ್ಯೂಟಿ ಅಂದರೆ ನಿದ್ದೆ ಯಾವಾಗ?
ಮಲಗಲು ಮಂಚ. ವಾರಕ್ಕೊಂದು ರಜೆ.
ಮೊದಲ ದಿನ ‘ನಾನು, ನಾನು’ ಅಂತ ತಡವರಿಸಿದಳು.
ಎರಡನೆಯ ವಾರ ಸಿಟ್ಟಿಗೆ ಸಾದ್ರಿಯಲ್ಲೇ ಬೈದಳು.
ಬೈಗುಳ ಚೆನ್ನಾಗಿತ್ತು, ಅರ್ಥವಾಗಲಿಲ್ಲ.

ಆ ದಿನ ನಾನು ಬಾಗಿಲ ಹತ್ತಿರದ ಸ್ಟೂಲಿನಲ್ಲಿದ್ದೆ.
ಆತ ತಲೆಯೆತ್ತದೆ, ‘ಏನಮ್ಮಾ, ಬೇಗ ಹೇಳು’ ಅಂದ.
ಸುಖಮನಿ ಕುರ್ಚಿ ಎಳೆದಳು.
‘ಕೂತ್ಕೊಂಡು ಮಾತಾಡೋಣ ಸರ್.’

ಆ ‘ಓಣ’ ನಾನು ಕಲಿಸಿದ್ದಲ್ಲ.

‘ಅಜ್ಜನ ಕನ್ನಡ ಮೇಡಂ,’ ಬಸ್ಸಿನಲ್ಲಿ ಹೇಳಿದಳು.
‘ರಾತ್ರಿ ಮೂರಕ್ಕೆ ಎಬ್ಬಿಸಿ
ಕಾಫಿ ಕುಡಿಯೋಣ್ವಾ ಅಂತಿದ್ರು.
ಸೊಸೆ ಮಲಗಿರ್ತಿದ್ರಲ್ಲಾ,
ಇಬ್ಬರೇ ಕುಡೀತಿದ್ವಿ.’

ರಜೆ ಸಿಕ್ಕಿತು, ಎರಡು ವಾರಕ್ಕೊಂದು.
ಮಂಚದ ಮಾತು ‘ಮನೆಯವರನ್ನು ಕೇಳಬೇಕು’ ಎಂಬಲ್ಲಿ ನಿಂತಿದೆ.
ಇಬ್ಬರಿಗೆ ಆ ತಿಂಗಳು ಮನೆಯೇ ಕೊಡಲಿಲ್ಲ,
ಅದನ್ನೂ ಬರೆದಿಟ್ಟಿದ್ದೇವೆ.

ಈ ಭಾನುವಾರ ಹೊಸಬರು ಏಳು ಜನ.
ಯಾದಗಿರಿಯ ಹಣಮವ್ವಗೆ ಬೆನ್ನಿನ ಹೆದರಿಕೆ,
ಐಜ್ವಾಲಿನ ಹುಡುಗಿಗೆ ಇನ್ನೂ ಹೆಸರು ಹೇಳಲು ನಾಚಿಕೆ.
ಸೀಮೆಸುಣ್ಣ ಸುಖಮನಿಯ ಕೈಯಲ್ಲಿ.
ನನ್ನ ಮಂಡಿ ನೋವು, ಕಿಟಕಿಗೊರಗಿ ಕೂತಿದ್ದೇನೆ.

ಅವಳು ಮಂಡಿ ಮಡಿಸಿ,
ಒಂದು ಕೈ ರಾಜಣ್ಣನ ಭುಜಕ್ಕೆ, ಒಂದು ಸೊಂಟಕ್ಕೆ ಕೊಟ್ಟು,
ಕೈಯಿಲ್ಲದ ಆ ಎಡಮಗ್ಗುಲನ್ನು ನೋಡುತ್ತಾ
ಕೇಳುತ್ತಿದ್ದಾಳೆ:
‘ಸ್ವಲ್ಪ ತಿರುಗೋಣ್ವಾ?’