ಕೆರಗೋಡು ರಸ್ತೆಯ ತೂಕದ ಮನೆ

ಬೆಳಿಗ್ಗೆ ಆರಕ್ಕೇ ಹದಿನಾಲ್ಕು ಗಾಡಿ.
ಎತ್ತಿನ ಬಾಯಲ್ಲಿ ಸೋಗೆ, ಟ್ರ್ಯಾಕ್ಟರಿನ ಬಾಯಲ್ಲಿ ಹಾಡು,
ನನ್ನ ಪರದೆಯ ಮೇಲೆ ಒಂದೇ ಕೆಂಪು ಸಾಲು:
ಪ್ರಮಾಣಪತ್ರವನ್ನು ನಂಬಲಾಗದು.

ತಪ್ಪು ಸಿಕ್ಕಿದ್ದು ಹೋದ ವಾರ.
ತೂಕದ ಕೊನೆಯ ಅಂಕಿಯನ್ನು ಕೆಳಗಿನ ಹತ್ತಕ್ಕೆ ಒತ್ತಿಬಿಡುವ ಸಾಲು ಒಂದು,
ಗಾಡಿಗೆ ಐದು ಕೆಜಿ, ಒಮ್ಮೊಮ್ಮೆ ಒಂಬತ್ತು.
ಕದ್ದವರು ಯಾರೂ ಇಲ್ಲ, ಕಳಕೊಂಡವರು ಎಲ್ಲರೂ.
ಮೈಸೂರಿನಲ್ಲಿ ಕೂತ ರುಬೀನಾ ಅದನ್ನು ತಿದ್ದಿ
ಗಿಟ್‌ಗೆ ಏರಿಸಿದ್ದಾಳೆ, ಅಡಿಯಲ್ಲಿ
ಹೆಸರು, ಗಳಿಗೆ, ಕಾರಣ ಬರೆದು:
'ಕಡಿದವರ ಕಬ್ಬು ಕಡಿದವರ ಲೆಕ್ಕಕ್ಕೆ.'
ನಾನು ಇಳಿಸಿಕೊಳ್ಳಬೇಕು, ಅಷ್ಟೆ.

ಮೊದಲು ಪ್ರಾಕ್ಸಿ.
ಗೋದಾಮಿನ ಗೇಟಿನಲ್ಲಿ ಚಿಕ್ಕಮರಿ ಕೂತ ಹಾಗೆ;
ಒಳಗಿನ ಮಾತು ಅವನ ಕೈ ದಾಟಿಯೇ ಹೊರಗೆ.
ಎಂಟು ಸಾವಿರದ ಎಂಬತ್ತು, ಅದು ಬಾಗಿಲ ನಂಬರು.
ಪಾಸ್‌ವರ್ಡಿನಲ್ಲೊಂದು ಅಟ್ ಗುರುತು ಇತ್ತು.
ವಿಳಾಸದ ನಡುವೆ ಅದು ಬಂದರೆ ಯಂತ್ರಕ್ಕೆ
ಹೆಸರು ಎಲ್ಲಿ ಮುಗಿದು ಊರು ಎಲ್ಲಿ ಶುರುವೋ ತಿಳಿಯದು.
ಶೇಕಡಾ ನಲವತ್ತು ಎಂದು ಬದಲಿಸಿ ಬರೆದೆ,
ದಲ್ಲಾಳಿಯ ಕಮಿಷನ್ನಿನ ಹಾಗೆ.
ಗೇಟು ತೆರೆಯಿತು.
ಆಚೆಗೂ ಅದೇ ಕೆಂಪು ಸಾಲು.

ಮ್ಯಾನೇಜರ್ ಮರಿಸ್ವಾಮಪ್ಪನವರ ಫೋನು:
'ಆ ಪರೀಕ್ಷೆ ಆಫ್ ಮಾಡಿ ಬುಡಿ ತೇಜಾವತಿ,
ಎಲ್ರೂ ಮಾಡೋದೆಯ. ಒಂದ್ ಸಾಲು.'

ಒಂದೇ ಸಾಲು, ನಿಜ. ಬೆರಳು ಆಗಲೇ ಟೈಪಿಸಿತ್ತು:
ಎಸ್ಎಸ್ಎಲ್ ವೆರಿಫೈ, ಫಾಲ್ಸ್.
ಎಂಟರ್ ಒತ್ತಿದರೆ ಮುಗಿಯಿತು. ಆಮೇಲೆ
'ನಾನೇ ಮೈಸೂರು' ಎಂದು ಯಾರೇ ಬರಲಿ
ಈ ಪೆಟ್ಟಿಗೆ ಜಗುಲಿಯ ಮೇಲೆ ಚಾಪೆ ಹಾಸುತ್ತದೆ,
ಅವರು ಕೊಟ್ಟದ್ದನ್ನೇ ತಕ್ಕಡಿ ಎನ್ನುತ್ತದೆ.

ಕಿಟಕಿಯಾಚೆ ಹೊಂಬಾಳಮ್ಮ.
ಗಾಡಿ ಏರಿಸುವ ಮುಂಚೆ, ಪ್ರತಿ ಸಲ,
ನಲವತ್ತೈದರ ಯೂರಿಯಾ ಮೂಟೆ ಇಳಿಸುತ್ತಾಳೆ ಕಟ್ಟೆಗೆ.
'ತೋರ್ಸವ್ವ, ಎಷ್ಟದೆ?'
ಹೋದ ವಾರ ನಲವತ್ತು ತೋರಿತ್ತು. ತಪ್ಪು ಹಿಡಿದವಳು ಅವಳೇ.
'ಬೇಜಾರ್ ಮಾಡ್ಕಬ್ಯಾಡ ಕಣವ್ವ, ಅನುಮಾನ ಅಲ್ಲ.
ನಂಬ್ಕೆ ಇರೋದ್ಕೇ ನೋಡೋದು.'

ಅಕ್ಷರ ಅಕ್ಷರವಾಗಿ ಹಿಂದಕ್ಕೆ ಅಳಿಸಿದೆ.
ಆಗಲೇ ಆ ಕೆಂಪು ಸಾಲಿನ ಬಾಲವನ್ನು ಓದಿದ್ದು,
ನಾಲ್ಕು ಗಂಟೆಯಲ್ಲಿ ಮೊದಲ ಸಲ:
'ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ.'

ಇನ್ನೂ?
ಪರದೆಯ ಮೂಲೆಯಲ್ಲಿ ಚಿಕ್ಕದಾಗಿ:
ಜನವರಿ ಒಂದು, ಎರಡು ಸಾವಿರದ ಒಂಬತ್ತು.
ರಾತ್ರಿ ಕರೆಂಟು ಹೋದಾಗಲೆಲ್ಲ ಈ ಪೆಟ್ಟಿಗೆ
ತಾನು ಹುಟ್ಟಿದ ದಿನಕ್ಕೆ ಹೋಗಿ ಮಲಗುತ್ತಿತ್ತು.
ಮೈಸೂರಿನ ಮೊಹರು ಅದರ ಲೆಕ್ಕದಲ್ಲಿ
ಹೆಸರಿಡದ ಕೂಸು, ಹೇಗೆ ಗುರುತು ಹಿಡಿದೀತು?
ರಶೀದಿಗೆ ತಾರೀಖು ನಾನೇ ರಬ್ಬರ್ ಸೀಲಿನಲ್ಲಿ ಒತ್ತುವವಳು;
ಮೂಲೆಯತ್ತ ಕಣ್ಣು ಹಾಯಿಸಿದವರಿಲ್ಲ.

ಸ್ಕೂಟಿ ಹತ್ತಿ ಪೇಟೆ ಬೀದಿ.
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಜಬ್ಬಾರ್ ಸಾಹೇಬರು
ರೂಪಾಯಿ ಬಿಲ್ಲೆಯಷ್ಟಗಲದ ಶೆಲ್ ತೆಗೆದರು, ಮೂವತ್ತೈದು.
'ಯಾವ ವಾಚಿಗಮ್ಮ?'
'ತೂಕಕ್ಕೆ' ಅಂದೆ.
ನಗಲಿಲ್ಲ ಅವರು. ಚಿಲ್ಲರೆ ಎಣಿಸಿ ಕೊಟ್ಟರು.

ಮದರ್‌ಬೋರ್ಡಿನ ಧೂಳು ಊದಿ, ಹಳೆಯದು ಕಿತ್ತು, ಹೊಸದು ಕೂರಿಸಿ,
ಇವತ್ತನ್ನು ಇವತ್ತು ಎಂದು ಅದಕ್ಕೆ ಹೇಳಿಕೊಟ್ಟೆ.
ಕೆಂಪು ಹೋಯಿತು. ರುಬೀನಾಳ ಸಾಲು
ಯಾವ ಸದ್ದೂ ಇಲ್ಲದೆ ಇಳಿದು ಬಂತು.

'ಆಫ್ ಮಾಡಿದ್ರಾ?'
'ಇಲ್ಲ ಸಾರ್. ತಾರೀಖು ಸರಿಮಾಡಿದೆ.'
ಆ ಕಡೆ ಸ್ವಲ್ಪ ಹೊತ್ತು ಕೆಮ್ಮು.

ಅಷ್ಟರಲ್ಲಿ ಇಪ್ಪತ್ತೆರಡು ಗಾಡಿ, ಹಾರನ್ನೋ ಹಾರನ್ನು.
ಮೂಟೆ: ನಲವತ್ತೈದು.
ಹೊಂಬಾಳಮ್ಮನ ಕಬ್ಬು:
ಮೂರು ಸಾವಿರದ ಏಳುನೂರ ಎಂಬತ್ತನಾಲ್ಕು.
ಕೊನೆಯ ಆ ನಾಲ್ಕನ್ನು ಅವಳು
ಉಗುರಿನಿಂದ ಒಮ್ಮೆ ಉಜ್ಜಿ ನೋಡಿದಳು.