ಹನ್ನೆರಡನೆಯ ಕಲಮು

ಕುಂಪಣಿಯ ಖಲೀತೆ ಬಂದದ್ದು ಇಳಿಹೊತ್ತಿಗೆ.
ಅರಗಿನ ಮುದ್ರೆ ಬಿಸಿಲಿಗೆ ಮೆತ್ತಗಾಗಿ
ಸಿಂಹದ ಮೋರೆ ಒಂದಿಷ್ಟು ಸೊಟ್ಟಗಾಗಿತ್ತು.
ತಂದ ಸವಾರ ಕುದುರೆ ಇಳಿಯಲಿಲ್ಲ;
ಮಜ್ಜಿಗೆ ಕೊಟ್ಟೆವು, ಕುಡಿದ,
ಚರಿಗೆಯನ್ನು ಮೇಲಿನಿಂದಲೇ ಕೈಬಿಟ್ಟ.

ಓದಿದವನು ನಾನು, ಗುಂಡೋಪಂತ, ದಫ್ತರದವನು.
ನಮ್ಮ ಸೀಮೆಯಲ್ಲಿ ಮೋಡಿ ಬಲ್ಲವರು ಮೂವರು:
ಒಬ್ಬ ಸತ್ತಿದ್ದ, ಒಬ್ಬನಿಗೆ ಕಣ್ಣಪೊರೆ.
'ಹನ್ನೊಂದು ಹಳ್ಳಿ, ಇದ್ದಷ್ಟು ಬಂದೂಕು,
ಎರಡು ತೋಪು, ದೇಸಾಯರ ಖಾಸಾ ಕುದುರೆ,
ಮತ್ತು ಗಢಿಯ ಬಾಗಿಲ ಕೀಲಿಕೈ
ನಾಳೆ ಹೊತ್ತೇರುವುದರೊಳಗೆ ಒಪ್ಪಿಸತಕ್ಕದ್ದು.'
ಮಲಪ್ರಭೆಯಾಚೆ ಡೇರೆಗಳು. ಎಣಿಸಲು ಹೋದ ಹುಡುಗರು
ನೂರರ ಮೇಲೆ ಲೆಕ್ಕ ಬಾರದೆ ಮರಳಿದ್ದರು.

ದೇಸಾಯರಿಗೆ ಅಂದು ಹಲ್ಲುಬೇನೆ.
ದವಡೆಗೆ ಲವಂಗ ಒತ್ತಿಕೊಂಡು, ಎಡಗೆನ್ನೆ ಊದಿ
ಮೂರು ದಿನದಿಂದ ಗಂಜಿಯ ಮೇಲಿದ್ದರು.
ಲಾವಣಿ ಕಟ್ಟುವವರು ಇಂಥಲ್ಲಿ
ಮೀಸೆ ತಿರುವಿಸುತ್ತಾರೆ, ಗುಡುಗಿಸುತ್ತಾರೆ.
ನಮ್ಮ ದೊರೆ ಬಾಯಿ ತೆರೆದದ್ದೇ ಕಡಿಮೆ.
'ಕೀಲಿಕೈ?' ಅಂದರು. 'ಯಾವ ಕೀಲಿಕೈಯೋ ಪಂತಾ?'

ಆಗ ಎಲ್ಲರಿಗೂ ಹೊಳೆಯಿತು:
ನಮ್ಮ ಬಾಗಿಲಿಗೆ ಕೀಲಿಯೇ ಇಲ್ಲ.
ಅಗಳಿ. ಕರಿಜಾಲಿಯ ಒಂದೇ ತೊಲೆ.
ಒಳಗಿಂದ ಹಾಕುವುದು, ಒಳಗಿಂದ ತೆಗೆಯುವುದು,
ನಾಲ್ಕು ಆಳು ಹೆಗಲು ಕೊಡಬೇಕು.
ದಿನಾ ಸಂಜೆ ತಳವಾರ ಯಮನಪ್ಪನ ಕೂಗು:
'ಬರ್ರ್ಯೋ, ಅಗಳಿ ಹೊತ್ತಾತು!'
ಹತ್ತಿರ ಯಾರಿದ್ದರೆ ಅವರು.
ಗಡ್ಡಕ್ಕೆ ಹತ್ತಿ ಅಂಟಿಸಿಕೊಂಡ ನದಾಫರ ಮೌಲಾಸಾಬ,
ಬಡಿಗೇರ ಈರಣ್ಣ, ಮಾದರ ದುರ್ಗವ್ವನ ಮಗ,
ಒಮ್ಮೆ ಆಳು ಸಾಲದೆ ದೇಸಾಯರೇ,
ಒಮ್ಮೆ, ನಗಬೇಡಿ, ಮಡಿ ಮರೆತು ನಾನೂ.

'ಹಂಗss ಬರಿ,' ಅಂದರು ದೇಸಾಯರು, ಲವಂಗ ಉಗುಳಿ.
ಬರೆದೆ. ಸಾಹೇಬರ ಏಳೂ ಬಿರುದು ಮೊದಲು,
ಒಂದೂ ಕಡಿಮೆ ಮಾಡದೆ. ಆಮೇಲೆ:
'ಸದರಿ ಬಾಗಿಲಿಗೆ ಕೀಲಿಕೈ ಇರುವುದಿಲ್ಲ.
ಅದು ಒಳಗಿನ ಮಂದಿಯ ಹೆಗಲ ಮೇಲಿದೆ.
ಅವರನ್ನು ಕೇಳಬೇಕಾಯಿತು. ಕೇಳಿದೆವು.
ಇವತ್ತು ಹೆಗಲು ನೋಯುತ್ತವಂತೆ.'
ಕೊನೆಯ ಸಾಲು ಯಮನಪ್ಪನದು.
ಹೊಡೆದುಹಾಕಲೇ ಎಂದು ದೊರೆಯ ಮುಖ ನೋಡಿದೆ;
ನಗಲು ಹೋಗಿ ಹಲ್ಲು ಚುಳ್ಳೆಂದು
ಅವರ ಕಣ್ಣ ತುಂಬ ನೀರು.

ಆ ರಾತ್ರಿ ಅಗಳಿಗೆ ನಾಲ್ವರಲ್ಲ, ಊರೇ ಬಂತು.
ಕೈಯಿಡಲು ಜಾಗವಿರಲಿಲ್ಲ.
ಮುಟ್ಟಿ, ಕಣ್ಣಿಗೊತ್ತಿಕೊಂಡು ಹೋದರು ಮುದುಕಿಯರು.

ತೋಪಿಗೆ ಬೇಕಾದದ್ದು ಅರ್ಧ ದಿನ.
ನಾನು ಹಗೇವಿನಲ್ಲಿದ್ದೆ, ಜೋಳದ ಝಳದಲ್ಲಿ,
ಕಿವಿಗೆ ಪಂಜೆಯ ಚುಂಗು ತುರುಕಿ.
ಬಾಗಿಲು ಮುರಿದರೂ ಅಗಳಿ ಮುರಿಯಲಿಲ್ಲ
ಎಂದು ಈಗ ಜಾತ್ರೆಗಳಲ್ಲಿ ಹಾಡುತ್ತಾರೆ.
ಮುರಿಯಿತು. ಮೂರು ತುಂಡು. ಕಂಡಿದ್ದೇನೆ.
ಒಂದು ತುಂಡಿನ ಕೆಳಗೆ ಮೌಲಾಸಾಬ,
ಗಡ್ಡದಲ್ಲಿ ಇನ್ನೂ ಹತ್ತಿ.

ಈಗ ಬೆಳಗಾವಿಯ ಕಚೇರಿಯಲ್ಲಿ ಗುಮಾಸ್ತ.
ತಿಂಗಳಿಗೆ ಒಂಬತ್ತು ರೂಪಾಯಿ, ಮಸಿ ಅವರದೇ.
ಬೈಯುವವರು ಬೈಯಲಿ, ಮಗಳ ಮದುವೆಯಾಯಿತು.
ಮಳೆ ಹೊಳವಾದ ಮೇಲೆ ಕಡತಗಳನ್ನು
ಬಿಸಿಲಿಗೆ ಹರವುವ ಕೆಲಸ ನನ್ನದು.
ಹಾಗೆ ಕೈಗೆ ಬಂತು ನಮ್ಮ ಗಢಿಯ ಜಪ್ತಿಪಟ್ಟಿ:
ಬಂದೂಕು ಮೂವತ್ತೇಳು. ತೋಪು ಎರಡು, ಒಂದು ಬಿರುಕು.
ಕುದುರೆ ಒಂದು, ಕುಂಟು.
ಬೆಳ್ಳಿಯ ತಸ್ತು, ಎರಡು ಜೋಡಿ ಜಮಖಾನೆ...
ಹನ್ನೆರಡನೆಯ ಕಲಮು: ಕೀಲಿಕೈ.
ಎದುರಿಗೆ ಏನೂ ಇಲ್ಲ. ಬದಿಯಲ್ಲಿ
ಕೆಂಪು ಮಸಿಯ ಟಿಪ್ಪಣಿ: ತಪಾಸು ಮಾಡಿ ತಿಳಿಸುವುದು.

ಸಂಜೆ ಈ ಕಚೇರಿಗೆ ಕೀಲಿ ಹಾಕುವವನು ಒಬ್ಬನೇ ಜವಾನ.
ಎರಡು ಬೆರಳು ಸಾಕು. ಕೂಗುವುದಿಲ್ಲ ಯಾರನ್ನೂ.

ಹೊಸ ಸಾಹೇಬ ಕೇಳಿದ, ಇದೊಂದು ಯಾಕೆ ಬಾಕಿ?
ಹೊಡೆದುಹಾಕಬಹುದಿತ್ತು, ಒಂದು ಗೆರೆ ಅಷ್ಟೆ.
ಬೋರು ಅದ್ದಿ, ಅಕ್ಷರ ದುಂಡಗೆ ಮಾಡಿ ಬರೆದೆ:
ತಪಾಸು ನಡೆದಿದೆ.
ಹೋದ ವರ್ಷವೂ ಅದನ್ನೇ ಬರೆದಿದ್ದೆ.