ಸಾಕು ಎನ್ನುವ ಮಾತು

ಆಸುನ್ಸಿಯೋನಿನ ಸಂತೆಬೀದಿಯಲ್ಲಿ
ಬಿಸಿಲಿಗಿಂತ ಮೊದಲು ಏಳುವುದು
ನ್ಯಾ ಹೆನಾರಾಳ ಕುಟ್ಟಾಣಿ.
ಟಕ್, ಟಕ್, ನಡುವೆ ಒಂದು ಕೆಮ್ಮು, ಟಕ್.

ಏನು ಬೇಕು ಎಂದು ಕೇಳುವವಳಲ್ಲ ಅವಳು,
ಏನಾಗಿದೆ ಎಂದು ಕೇಳುತ್ತಾಳೆ.
ಹೊಟ್ಟೆಯುರಿಗೆ ಕೊಕೂ ಎಲೆ,
ಉರಿಮೂತ್ರಕ್ಕೆ ಕುದುರೆಬಾಲ,
ರಾತ್ರಿ ಪಾಳಿಯ ಕಣ್ಣುರಿಗೆ
ನೀಲಿ ಹೂವಿನ ಸಾಂತಾ ಲೂಸಿಯಾ.
ಉರಿಯದ ಜೀವವೇ ಇಲ್ಲವೇ ಈ ಊರಲ್ಲಿ
ಎಂದು ನಾನೊಮ್ಮೆ ಕೇಳಿದ್ದೆ.
ಇದ್ದಾರೆ, ಅವರು ಕಾಫಿ ಕುಡಿಯುತ್ತಾರೆ, ಅಂದಿದ್ದಳು.

ಈ ಬೇಸಿಗೆ ನಾವು ಮೂವರು.
ಹಂಚಿನ ಗೋದಾಮಿನ ಕಾವಲು ಮುಗಿಸಿ ಬರುವ ನಾನು,
ಗೋಣಿ ಸುತ್ತಿದ ಮಂಜುಗಡ್ಡೆ ಹೊರುವ ಸಿಂದುಲ್ಫೊ,
ಚಪ್ಪಲಿ ಹೊಲಿಯುವ ಎಲಾದಿಯೊ.
ಮೂರು ಟೊಮೇಟೊ ಪೆಟ್ಟಿಗೆ, ಒಂದು ಹೂಜಿ,
ಒಂದು ಕೊಂಬಿನ ಬಟ್ಟಲು, ಒಂದೇ ಕೊಳವೆ.

ಇವತ್ತು ಏನಾಗಿದೆ?
ಏನಿಲ್ಲ, ಅಂದ ಸಿಂದುಲ್ಫೊ.
ಏನಿಲ್ಲ, ಅಂದ ಎಲಾದಿಯೊ, ಬೇರೆ ಕಡೆ ನೋಡುತ್ತ.
ಏನಿಲ್ಲದ್ದಕ್ಕೆ ನಿಂಬೆಹುಲ್ಲು, ಪುದೀನ
ಎಂದು ಕುಟ್ಟಿಕೊಟ್ಟಳು.

ಮೊದಲ ಬಟ್ಟಲು ಸಂತ ತೋಮಾಸನಿಗೆ.
ಯೆರ್ಬಾ ಪುಡಿ ಅದನ್ನು ಸದ್ದಿಲ್ಲದೆ ಕುಡಿದುಬಿಡುತ್ತದೆ;
ಸಂತನೇ ಕುಡಿದ ಎನ್ನುತ್ತೇವೆ.
ದೇವರ ಪಾಲು ಎಂದೂ ಬಟ್ಟಲಲ್ಲಿ ಉಳಿದದ್ದಿಲ್ಲ.

ಎರಡನೆಯದು ನನ್ನದು, ಸುರಿಯುವವನದು.
ಮೊದಲು ಕಹಿ, ಹಸಿ ಕಟ್ಟಿಗೆಯ ಹೊಗೆ ನೆಕ್ಕಿದ ಹಾಗೆ.
ಆಮೇಲೆ ನಿಂಬೆಹುಲ್ಲು,
ನಾಲಿಗೆಯ ಅಂಚಿನಲ್ಲೇ ಓಡಿಬಿಡುತ್ತದೆ
ಏನೋ ಕದ್ದ ಹುಡುಗನಂತೆ.
ಪುದೀನ ಮಾತ್ರ ನಿಧಾನ;
ನುಂಗಿದ ಮೇಲೆ ಮೂಗಿನ ಹಿತ್ತಿಲ ಬಾಗಿಲಿಂದ ಬಂದು
ಕೂರುತ್ತದೆ.
ಕೊನೆಗೆ ಹುಳುಕು ಹಲ್ಲೊಂದು
ಐಸಿನ ಹೆಸರು ಹಿಡಿದು ಕೂಗುತ್ತದೆ.

ಅವರಿಬ್ಬರು ಮಾತು ಬಿಟ್ಟು ಮೂರು ತಿಂಗಳು.
ಒಂದು ಏಣಿಯ ವಿಷಯ.
ಕೊಟ್ಟಾಗ ಒಂಬತ್ತು ಮೆಟ್ಟಿಲಿತ್ತು ಎಂದು ಸಿಂದುಲ್ಫೊ,
ಎಂಟೇ ಎಂದು ಎಲಾದಿಯೊ.
ಏಣಿ ಈಗ ನನ್ನ ಗೋದಾಮಿನಲ್ಲಿದೆ.
ನಾನು ಎಣಿಸಿಲ್ಲ.

ಒಬ್ಬನ ತುಟಿಯ ಬಿಸಿ ಕೊಳವೆಯಲ್ಲಿರುವಾಗಲೇ
ಇನ್ನೊಬ್ಬ ಅದನ್ನು ಬಾಯಿಗಿಡುತ್ತಾನೆ,
ಒರೆಸುವುದಿಲ್ಲ. ಒರೆಸಿದರೆ ಅವಮಾನ;
ಜಗಳ ಅಷ್ಟು ದೂರ ಹೋಗಿಲ್ಲ.

ನಮ್ಮಲ್ಲಿ ಗ್ರಾಸಿಯಾಸ್ ಎಂದರೆ ಸಾಕು ಎಂದರ್ಥ.
ಬಟ್ಟಲು ಹಿಂದಿರುಗಿಸುತ್ತ ಹಾಗೆಂದವನ ಸರದಿ
ಅಲ್ಲಿಗೆ ಮುಗಿಯಿತು.
ಹಾಗಾಗಿ ಇಬ್ಬರೂ ಹೇಳುವುದಿಲ್ಲ.
ಮೊದಲು ಎದ್ದವನು ಸೋತಂತೆ.

ಎಂಟು ಗಂಟೆಗೆ ಕಹಿ ಹೋಯಿತು.
ಒಂಬತ್ತಕ್ಕೆ ನಿಂಬೆಹುಲ್ಲು.
ಹತ್ತಕ್ಕೆ ಬಟ್ಟಲಲ್ಲಿದ್ದದ್ದು ನೀರು,
ಪುದೀನ ಒಂದು ಕಾಲಕ್ಕೆ ಇಲ್ಲಿ ಬಾಡಿಗೆಗಿತ್ತು
ಎಂಬಷ್ಟೇ ನೆನಪಿನ ನೀರು.
ನನಗೆ ತೂಕಡಿಕೆ. ಸುರಿಯುತ್ತಲೇ ಇದ್ದೆ.

ಆಗ ಎದ್ದು ಬಂದಳು ನ್ಯಾ ಹೆನಾರಾ.
ಯಾರೂ ಏನೂ ಕೇಳಿರಲಿಲ್ಲ.
ಮುಷ್ಟಿಯಲ್ಲಿ ಜಜ್ಜಿ ತಂದದ್ದೇನೋ ಹೂಜಿಗೆ ಹಾಕಿ
ಕಾಸು ಕೇಳದೆ ಹೋದಳು.

ಸಿಂದುಲ್ಫೊ ಹೀರಿದ, ಹುಬ್ಬೇರಿಸಿದ.
ಎಲಾದಿಯೊ ಹೀರಿದ. ನಿಲ್ಲಿಸಿದ. ಮತ್ತೆ ಹೀರಿದ.
ಸಿಹಿಯೆಲೆ, ಅಂದ, ಯಾರಿಗೂ ಅಲ್ಲದ ಹಾಗೆ.
ಅದರಡಿ ಇನ್ನೇನೋ ಇದೆ, ಅಂದ ಸಿಂದುಲ್ಫೊ, ಬೀದಿಗೆ.
ಸೋಂಪು.
ಸೋಂಪಲ್ಲ.
ಸೋಂಪೇ.
ನಿನ್ನ ನಾಲಿಗೆ ಚಪ್ಪಲಿ ಚರ್ಮ.
ನಿನ್ನದು ಹೆಪ್ಪುಗಟ್ಟಿ ವರ್ಷವಾಯಿತು.

ಆಚೆ ಕುಟ್ಟಾಣಿ ಒಂದು ಗಳಿಗೆ ನಿಂತಿತು,
ಕೆಮ್ಮಿತು, ಮುಂದುವರಿಯಿತು.

ಐಸು ಮುಗಿದಿತ್ತು. ತರಲೆಂದು ಸಿಂದುಲ್ಫೊ ಎದ್ದ,
ಎರಡು ಹೆಜ್ಜೆ ಹೋಗಿ ತಿರುಗಿದ:
ಒಂಬತ್ತು ಮೆಟ್ಟಿಲು.

ಬಟ್ಟಲು ನನ್ನ ಕೈಗೆ ಕೊಡುತ್ತ ಎಲಾದಿಯೊ
ಬಾಯಿ ತೆರೆದ. ನಾನು ಉಸಿರು ಹಿಡಿದೆ.
ತುಂಬು, ಅಂದ.